ಹಂಪಿಗೆ ಬಂದವರ ದುಡ್ಡು ಊರಲ್ಲಿ ಎಷ್ಟು ಉಳಿಯಿತು? ಲೆಕ್ಕ ಹಾಕೋದು ಹೀಗೆ

'ಈ ವರ್ಷ ಇಷ್ಟು ಲಕ್ಷ ಪ್ರವಾಸಿಗರು' ಅಂತ ಪೇಪರಿನಲ್ಲಿ ಬಂದ ಕೂಡಲೇ ಊರು ಉದ್ಧಾರವಾಯಿತು ಅಂದುಕೊಳ್ಳಬೇಡಿ. ತಲೆ ಎಣಿಸೋದು ಸುಲಭ, ದುಡ್ಡು ಎಣಿಸೋದು ಕಷ್ಟ. ಆದರೂ ಮಾಡಬಹುದು.

ಮೊದಲು ಯಾರನ್ನು ಎಣಿಸಬೇಕು ಅಂತ ನೋಡಿ. ವಿಠ್ಠಲ ದೇವಸ್ಥಾನಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಹಾಗಾಗಿ ಅಲ್ಲಿ ಅಂಕಿ ಸಿಗುತ್ತದೆ. ಆದರೆ ಹೊಳೆಯಲ್ಲಿ ಮಿಂದು, ವಿರೂಪಾಕ್ಷನ ದರ್ಶನ ಮಾಡಿ, ಮನೆಯಿಂದ ತಂದ ಬುತ್ತಿ ಬಿಚ್ಚಿ ಉಂಡು ಸಂಜೆ ಬಸ್ಸಿಗೆ ಹೊರಡುವವರು ಆ ಟಿಕೆಟ್ ತಗೊಳ್ಳುವುದೇ ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಒಂದು ರಾತ್ರಿಯಾದರೂ ತಂಗಿದವರು ಪ್ರವಾಸಿಗರು, ಅದೇ ದಿನ ವಾಪಸ್ ಹೋದವರದ್ದು ಬೇರೆ ಪಟ್ಟಿ. ನೀವೂ ಎರಡು ಪಟ್ಟಿ ಇಡಿ. ಇನ್ನು ಹೊಸಪೇಟೆಯ ಲಾಡ್ಜುಗಳಲ್ಲಿ ಗಣಿ ಕೆಲಸಕ್ಕೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದವರೂ ಇರುತ್ತಾರೆ. ಹಂಪಿ ಇಲ್ಲದಿದ್ದರೂ ಅವರು ಬರುತ್ತಿದ್ದರು, ಅಲ್ವಾ? ಅವರನ್ನು ಬಿಡಿ.

ಆಮೇಲೆ ಖರ್ಚು ಕೇಳಿ. ಬರುವವರನ್ನಲ್ಲ, ಊರು ಬಿಡುವವರನ್ನು, ಬಸ್ ಸ್ಟ್ಯಾಂಡ್ ಅಥವಾ ರೈಲ್ವೆ ಸ್ಟೇಷನ್ನಿನಲ್ಲಿ. ಎಷ್ಟು ಜನ, ಎಷ್ಟು ರಾತ್ರಿ, ನಿನ್ನೆ ಒಂದು ದಿನ ಎಲ್ಲೆಲ್ಲಿ ಎಷ್ಟು ಕೊಟ್ಟಿರಿ ಅಂತ ಕೇಳಿದರೆ ಸಾಕು. ಡಿಸೆಂಬರ್‌ನಲ್ಲೂ ಕೇಳಿ, ಮೇ ತಿಂಗಳ ಬಿಸಿಲಲ್ಲೂ ಕೇಳಿ. ಸೀಸನ್ನಿನ ಒಂದು ಭಾನುವಾರವನ್ನೇ ವರ್ಷಕ್ಕೆಲ್ಲ ಗುಣಿಸಿದರೆ ಬರೋದು ಸುಳ್ಳು ಲೆಕ್ಕ.

ಈಗ ಸೋರಿಕೆ, ಅಂದರೆ ಊರಿಂದ ಹೊರಗೆ ಹೋಗುವ ದುಡ್ಡು. ನನ್ನ ಪ್ರಕಾರ ಜಾಸ್ತಿ ಜನ ತಪ್ಪೋದು ಇಲ್ಲೇ. ಒಬ್ಬರು 1,000 ರೂಪಾಯಿ ಖರ್ಚು ಮಾಡಿದರು ಅಂದುಕೊಳ್ಳಿ. ಬುಕಿಂಗ್ ಆ್ಯಪ್‌ನ ಕಮಿಷನ್, ಬೇರೆ ಊರಲ್ಲಿರುವ ಮಾಲೀಕರ ಲಾಭ, ಹೊರಗಿಂದ ಬಂದ ನೀರಿನ ಬಾಟಲಿ, ಎಲ್ಲ ಸೇರಿ 600 ಹೊರಗೆ ಹೋಯಿತು. ಉಳಿದ 400ರಲ್ಲಿ ಅಡುಗೆಯವರ ಸಂಬಳ, ಆಟೋ ಬಾಡಿಗೆ, ಬಾಳೆಹಣ್ಣು. ಅವರೂ ಅದೇ ಪ್ರಮಾಣದಲ್ಲಿ ಊರಲ್ಲಿ ಖರ್ಚು ಮಾಡಿದರೆ ಮುಂದಿನ ಸುತ್ತಿಗೆ 160, ಅದರಾಚೆ 64. ಹೀಗೇ ಕಡಿಮೆಯಾಗುತ್ತಾ ಹೋಗುವ ಎಲ್ಲ ಸುತ್ತು ಕೂಡಿದರೆ ಸುಮಾರು 667. ಖರ್ಚಾದ 1,000ಕ್ಕೆ ಈ 667ರ ಅನುಪಾತ, ಅರ್ಥಶಾಸ್ತ್ರದವರ ಗುಣಕ ಅಂದರೆ ಇಷ್ಟೇ. ಅದೇ 400ರ ಜಾಗದಲ್ಲಿ 600 ಊರಲ್ಲೇ ಉಳಿದು, ಮುಂದಿನ ಸುತ್ತುಗಳಲ್ಲೂ ಅದೇ ಪ್ರಮಾಣ ಉಳಿದರೆ ಮೊತ್ತ 1,500 ಆಗುತ್ತದೆ, ಒಬ್ಬನೇ ಒಬ್ಬ ಹೊಸ ಪ್ರವಾಸಿ ಬರದೆ!

ದೇಶದ ಮಟ್ಟದಲ್ಲಿ ಪ್ರವಾಸಿಗರ ಖರ್ಚಿನ ಲೆಕ್ಕಕ್ಕೆ ಪ್ರವಾಸೋದ್ಯಮ ಉಪಗ್ರಹ ಲೆಕ್ಕ ಅಂತಾರೆ, ಅಂದರೆ ದೇಶದ ಮುಖ್ಯ ಲೆಕ್ಕಕ್ಕೆ ಜೋಡಿಸಿದ ಪಕ್ಕದ ಲೆಕ್ಕ. ಹೋಟೆಲ್, ರೈಲು, ಊಟದ ಲೆಕ್ಕಗಳಲ್ಲಿ ಚದುರಿದ ಪ್ರವಾಸಿಗರ ಪಾಲನ್ನು ಒಟ್ಟಿಗೆ ತರುವ ವಿಧಾನ. ಭಾರತದ ಮೊದಲನೆಯದು 2002-03ನೇ ಸಾಲಿನದು.

ಕೊನೆಗೆ, 'ಮೊದಲು ಹೀಗಿತ್ತು, ಈಗ ಹೀಗಿದೆ' ಅನ್ನುವ ಹೋಲಿಕೆ ಮಾಡುವಾಗ ಹುಷಾರು. ಹಂಪಿಯಿಂದ ಹೊಳೆಯಾಚೆ, ಆನೆಗೊಂದಿ ಕಡೆಗಿರುವ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ಅದೇ ತಿಂಗಳು ಲಾಕ್‌ಡೌನ್ ಬಂತು. ಆನೆಗೊಂದಿ ಕಡೆ ವ್ಯಾಪಾರ ಬಿದ್ದದ್ದು ಯಾವುದರಿಂದ? ಸುಮ್ನೆ ಊಹೆ ಮಾಡಬೇಡಿ. ಬಾದಾಮಿಯ ಅದೇ ತಿಂಗಳುಗಳ ಅಂಕಿ ತರಿಸಿ ಪಕ್ಕದಲ್ಲಿಡಿ. ಅಲ್ಲಿಯೂ ಲಾಕ್‌ಡೌನ್ ಇತ್ತು, ಗಡ್ಡೆ ಇರಲಿಲ್ಲ.