ಟ್ರೇಲರ್ ಹುಕ್ಕಿನ ಗಡಗಡ ನಿಲ್ಲಿಸಿದ್ದು: ನನ್ನ ಅನುಭವ

ಟ್ರ್ಯಾಕ್ಟರಿನ ಹುಕ್ಕಿಗೆ ಟ್ರೇಲರಿನ ರಿಂಗನ್ನು ಸಿಕ್ಕಿಸುವ ಪಿನ್ ಬದಲಿಸಿದರೆ ಗಡಗಡ ಸದ್ದು ಹೋಗುತ್ತದೆ ಎಂದು ಶಿರಸಿ ಸುತ್ತಿನ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಹೇಳುತ್ತಾರೆ. ಹೋಗುವುದಿಲ್ಲ. ಹೊಸ ಪಿನ್ ಹಾಕಿದ ಮೇಲೆ ಸ್ವಲ್ಪ ದಿನ ಕಡಿಮೆಯಾದಂತೆ ಅನ್ನಿಸುತ್ತದೆ. ನಾಲ್ಕಾರು ಲೋಡು ಚಿರೆ ಕಲ್ಲು ಸಾಗಿಸುವಷ್ಟರಲ್ಲಿ ಮತ್ತೆ ಅದೇ ಗಡಗಡ. 2024ರ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ನಾನು ಮಾಡಿಸಿದ ಜೋಡಣೆ ಮಳೆಗಾಲ ಕಳೆದು ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ‘ಟ್ರೇಲರ್ ಎಂದ ಮೇಲೆ ಸದ್ದು ಇದ್ದದ್ದೇ, ಸುಮ್ಮನೆ ದುಡ್ಡು ಹಾಳು’ ಎಂದವರೇ ಈಗ ಬಂದು ಬಗ್ಗಿ ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಿದ್ದಾರೆ.

ನನ್ನದು 35 ಎಚ್‌ಪಿ ಟ್ರ್ಯಾಕ್ಟರು, ಎರಡು ಚಕ್ರದ ಟ್ರೇಲರು. ಬೆಟ್ಟದಿಂದ ದರಕು (ಒಣಗಿದ ಎಲೆ), ಸೊಪ್ಪು, ತೋಟಕ್ಕೆ ಗೊಬ್ಬರ, ಆಗಾಗ ದೇವಿಮನೆ ಘಟ್ಟ ಇಳಿದು ಕುಮಟೆ ಕಡೆಗೂ ಹೋಗುವುದುಂಟು. ಘಟ್ಟದಲ್ಲಿ ಬ್ರೇಕ್ ಒತ್ತಿದ ಕೂಡಲೇ ತುಂಬಿದ ಟ್ರೇಲರು ಹಿಂದಿನಿಂದ ಬಂದು ಗುದ್ದುತ್ತದೆ. ಆ ಪೆಟ್ಟು ಸೀಟಿನ ಮೂಲಕ ನೇರವಾಗಿ ಬೆನ್ನಿಗೆ. ಖಾಲಿ ಬರುವಾಗಿನ ಸದ್ದು ಬೇರೆ ಜಾತಿಯದು: ಹುಕ್ಕಿನ ಎರಡು ತಟ್ಟೆಗಳ ನಡುವೆ ಟ್ರೇಲರಿನ ಮೂತಿಯ ರಿಂಗು ಮೇಲೆ ಕೆಳಗೆ ಕುಣಿಯುವ ಸದ್ದು. ಎರಡಕ್ಕೂ ಮದ್ದು ಒಂದೇ ಎಂದು ತಿಳಿಯುವುದರಿಂದಲೇ ಎಲ್ಲರ ದುಡ್ಡು ಹೋಗುತ್ತಿರುವುದು.

ಈಗಿನ ಜೋಡಣೆಗೆ ಮುಂಚೆ ನಾನು ಮಾಡಿ ನೋಡದೇ ಇದ್ದದ್ದು ಯಾವುದೂ ಇಲ್ಲ. ಅಡಿಕೆ ದಬ್ಬೆಯ ಬೆಣೆ ಹೊಡೆದೆ. ಮನೆಯಿಂದ ಡಾಂಬರು ರಸ್ತೆ ಸೇರುವಷ್ಟರಲ್ಲಿ ಪುಡಿ. ಬೈನೆ ಮರದ ಬೆಣೆ ಅದಕ್ಕಿಂತ ಎಷ್ಟೋ ವಾಸಿ, ಆದರೆ ಮಳೆಗೆ ಉಬ್ಬಿ ಪಿನ್ ತೆಗೆಯಲಿಕ್ಕೇ ಬರಲಿಲ್ಲ. ಹಳೇ ಟಯರಿನ ತುಂಡು ಹರಿದು ಹೋಯಿತು. ಪಿನ್ನಿಗೆ ಪೈಪ್ ತೊಡಿಸಿದೆ, ಸೀಳಿತು. ಸವೆದ ಪಿನ್ನಿನ ಮೇಲೆ ವೆಲ್ಡಿಂಗ್ ಏರಿಸಿ ಸಾಣೆ ಹಿಡಿಸಿದಾಗ ಪಿನ್ನೇನೋ ಉಳಿಯಿತು, ಹುಕ್ಕಿನ ತೂತನ್ನು ಮಾತ್ರ ಅರದಂತೆ ತಿಂದು ಹಾಕಿತು. ಪಿನ್ನು ಒಂದಕ್ಕೆ 250–300 ರೂಪಾಯಿ, ರಿಂಗಿನ ವೆಲ್ಡಿಂಗಿಗೆ ಪ್ರತಿ ಸಲ 600ರ ಆಸುಪಾಸು. ಲೆಕ್ಕ ಬರೆದಿಟ್ಟಿಲ್ಲ, ಆದರೂ ಏಳೆಂಟು ಸಾವಿರ ಹೀಗೇ ಕರಗಿರಬೇಕು.

ದಾರಿ ಸಿಕ್ಕಿದ್ದು ಒಂದು ಡಬ್ಬಿ ಹಳದಿ ಪೇಂಟಿನಿಂದ. ಪಿನ್ನಿಗೆ, ತಟ್ಟೆಯ ತೂತುಗಳಿಗೆ, ರಿಂಗಿನ ಒಳಮೈಗೆ ತೆಳುವಾಗಿ ಪೇಂಟ್ ಬಳಿದು, ಚೆನ್ನಾಗಿ ಒಣಗಿಸಿ, ಲೋಡು ಹಾಕಿ ಘಟ್ಟ ಇಳಿದು ಹತ್ತಿ ಬಂದು ಬಿಚ್ಚಿದೆ. ಪಿನ್ನಿನ ಮೇಲೆ ಮೂರು ಕಡೆ ಪೇಂಟ್ ಹೋಗಿತ್ತು. ಮೇಲಿನ ತಟ್ಟೆಯ ತೂತಿನ ಹಿಂಬದಿಯಲ್ಲಿ ಉಗುರಿನ ಗಾತ್ರದ ಒಂದು ಹೊಳೆಯುವ ಚಂದ್ರಾಕಾರ. ಕೆಳಗಿನ ತೂತಿನಲ್ಲಿ ಅದರ ಎದುರು ಬದಿಗೆ ಅಂಥದ್ದೇ ಇನ್ನೊಂದು. ಅಂದರೆ ಪಿನ್ನು ನೆಟ್ಟಗೆ ನಿಂತು ಸವೆಯುತ್ತಿರಲಿಲ್ಲ, ಓರೆಯಾಗಿ ತಿವಿಯುತ್ತಿತ್ತು. ಅಳೆದರೆ 30 ಮಿಲಿಮೀಟರಿನ ಪಿನ್ನಿಗೆ ತೂತು 35–36ರವರೆಗೆ ಮೊಟ್ಟೆಯಾಕಾರಕ್ಕೆ ಹಿಗ್ಗಿತ್ತು. ರಿಂಗಿನ ಒಳಗೆ ಇನ್ನೊಂದು 20 ಮಿಲಿಮೀಟರು ಖಾಲಿ. ಈ ಎರಡೂ ಸೇರಿ ಬ್ರೇಕಿನ ಗುದ್ದು. ರಿಂಗಿಗೂ ತಟ್ಟೆಗಳಿಗೂ ನಡುವಿನ ಸಂದು ಖಾಲಿ ಟ್ರೇಲರಿನ ಗಡಗಡ.

ಮೊದಲು ತಟ್ಟೆಗಳು. ಟ್ರ್ಯಾಕ್ಟರಿನ ಹಿಂದಿನ ಎಳೆಯುವ ಪಟ್ಟಿಗೆ, ಅಂದರೆ ಡ್ರಾಬಾರಿಗೆ, ವೆಲ್ಡಿಂಗ್ ತಾಗಿಸಲೇಬೇಡಿ. ಕಾಯಿಸಿದ ಜಾಗ ಹದ ಕಳೆದುಕೊಂಡು ಮುಂದೊಂದು ದಿನ ಘಟ್ಟದಲ್ಲಿ ಬಿರುಕು ಬಿಡುತ್ತದೆ. ನಾನು ಬೋಲ್ಟಿನ ಹುಕ್ ಬಿಚ್ಚಿ ಲೇತಿಗೆ ಒಯ್ದು, ಎರಡು ತೂತನ್ನೂ ಒಂದೇ ಕಟ್ಟಿನಲ್ಲಿ (ನಡುವೆ ಲೇತಿನಿಂದ ಬಿಚ್ಚದೆ) 42 ಮಿಲಿಮೀಟರಿಗೆ ಕೊರೆಸಿ, ಇಎನ್8 ಉಕ್ಕಿನ ಬುಷ್ (ತೂತಿನೊಳಗೆ ಕೂರುವ ಕೊಳವೆ) ಒತ್ತಿಸಿದೆ. ಒಂದೇ ಕಟ್ಟಿನಲ್ಲಿ ಎಂಬುದೇ ಮುಖ್ಯ. ಬೇರೆ ಬೇರೆಯಾಗಿ ಕೊರೆದರೆ ಮತ್ತೆ ಓರೆ. ಪಿನ್ನು 32ರದ್ದು, ಇಎನ್19 ಎಂಬ ಇನ್ನೂ ಗಟ್ಟಿ ಉಕ್ಕು. ಬುಷ್ಷಿಗೂ ಪಿನ್ನಿಗೂ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಸಂದು ಬಿಡಿಸಿದೆ. ಲೇತಿನವರು ಇನ್ನೂ ಬಿಗಿ ಮಾಡೋಣ ಎಂದರು, ನಾನು ಒಪ್ಪಲಿಲ್ಲ. ನಮ್ಮ ಮಳೆಗೆ ಅಷ್ಟು ಬಿಗಿಯಾದದ್ದು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಪಿನ್ನಿನ ತಲೆಗೆ ಒಂದು ಕಿವಿ ಬೆಸೆದು ತಟ್ಟೆಗೆ ಬೋಲ್ಟ್ ಹಾಕಿದ್ದೇನೆ. ಪಿನ್ ತಿರುಗುವುದೇ ಇಲ್ಲ, ಸವೆತವೆಲ್ಲ ರಿಂಗಿನ ಕಡೆಗೆ.

ರಿಂಗಿನ ಒಳಗೂ ಬುಷ್ ಕೂರಿಸಿದೆ, ಆದರೆ ಅದು ನೇರ ಕೊಳವೆಯಲ್ಲ. ನಡುವೆ ಕಿರಿದು, ಮೇಲೂ ಕೆಳಗೂ ಅಗಲ, ಒಳಗೆ ಪಿನ್ ನಿಲ್ಲುವುದು ಡಮರುವಿನ ಸೊಂಟದಲ್ಲಿ ನಿಂತ ಹಾಗೆ. ಹಿಂದೆ ಮುಂದೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಅಲುಗಾಡುವುದಿಲ್ಲ, ಓರೆಯಾಗುವುದಕ್ಕೆ ಮಾತ್ರ ಧಾರಾಳ ಜಾಗ. ಎಲ್ಲವನ್ನೂ ಬಿಗಿ ಮಾಡುವ ಹುಚ್ಚಿಗೆ ಬಿದ್ದ ಪಕ್ಕದ ಊರಿನವರೊಬ್ಬರ ಟ್ರೇಲರು ಅಗಳ ದಾಟುವಾಗ ರಿಂಗಿನ ಕುತ್ತಿಗೆಯಲ್ಲೇ ಬಿರಿಯಿತು. ಟ್ರ್ಯಾಕ್ಟರು ಒಂದು ಕಡೆ ವಾಲಿ ಟ್ರೇಲರು ಇನ್ನೊಂದು ಕಡೆ ವಾಲುವ ನಮ್ಮ ತೋಟದ ದಾರಿಗಳಲ್ಲಿ ಓರೆಯ ಸ್ವಾತಂತ್ರ್ಯ ಬೇಕೇ ಬೇಕು. ಬುಷ್ಷಿನ ಒಳಗಿನ ಬಾಗು ಎಷ್ಟಿರಬೇಕು ಎಂಬುದನ್ನು ಬರೆಯುವುದಿಲ್ಲ. ಅದರ ತಗಡಿನ ಅಚ್ಚು ನನ್ನ ಬಳಿ ಇದೆ, ಅದನ್ನು ಕಂಡುಕೊಳ್ಳಲಿಕ್ಕೆ ಬುಷ್ಷುಗಳನ್ನು ಬಲಿ ಕೊಟ್ಟಿದ್ದೇನೆ.

ಮೇಲೆ ಕೆಳಗಿನ ಕುಣಿತಕ್ಕೆ ಕನ್ವೇಯರ್ ಬೆಲ್ಟಿನ ದಪ್ಪ ವಾಷರ್‌ಗಳು ಮತ್ತು ಹುಬ್ಬಳ್ಳಿಯಿಂದ ತಂದ ಡಿಸ್ಕ್ ಸ್ಪ್ರಿಂಗ್‌ಗಳು (ಬಟ್ಟಲಿನಂತೆ ಬಾಗಿದ ಉಕ್ಕಿನ ಬಿಲ್ಲೆಗಳು). ಯಾವುದರ ಮೇಲೆ ಯಾವುದು ಎಂಬ ಕ್ರಮವೂ ನನ್ನಲ್ಲೇ ಇರಲಿ. ಕೈಯಿಂದ ರಿಂಗನ್ನು ಎತ್ತಿದರೆ ಏಳಬಾರದು, ಸಬ್ಬಲು ಹಾಕಿ ಮೀಟಿದರೆ ಏಳಬೇಕು. ಅಷ್ಟು ಒತ್ತಡ ಸಾಕು.

ಲೇತಿನ ಕೂಲಿ, ಉಕ್ಕು, ಬೆಲ್ಟು, ಸ್ಪ್ರಿಂಗು ಎಲ್ಲ ಸೇರಿ 4,500ರ ಹತ್ತಿರ ಆಯಿತು. ಹೊಸ ಹುಕ್ಕಿನ ಸೆಟ್ಟಿಗೆ 9,000ದ ಮೇಲೆ ಕೇಳಿದ್ದರು, ಅದರಲ್ಲೂ ರಿಂಗಿನೊಳಗೆ ಅದೇ ಖಾಲಿ ಜಾಗ.

ಈ ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಅಡಿಕೆ ಚೀಲ ತೂಗುವ ತಕ್ಕಡಿಯ ಮೇಲೆ ಟ್ರೇಲರಿನ ಮೂತಿಯನ್ನು ಇಟ್ಟು ತೂಕ ನೋಡಿದೆ. ಎರಡು ಟನ್ನಿನಷ್ಟು ಚಿರೆ ಕಲ್ಲಿಗೆ ಮೂತಿಯ ಮೇಲೆ 200–250 ಕಿಲೋ ಬಂದರೆ ಗಾಡಿ ಶಾಂತ. ಕಲ್ಲನ್ನು ಹಿಂದಕ್ಕೆ ಪೇರಿಸಿ ಅದು 100ಕ್ಕಿಂತ ಕೆಳಗೆ ಇಳಿಯಿತೋ, ಎಂಥ ಹುಕ್ಕಾದರೂ ಸದ್ದು ಮಾಡುತ್ತದೆ. ಕಲ್ಲು ಇಳಿಸುವ ಅನುಕೂಲಕ್ಕೆಂದು ಆಳುಗಳು ಹಿಂದೆಯೇ ಪೇರಿಸುತ್ತಾರೆ. ಈಗ ಮುಂದಿನ ಹಲಗೆಯಿಂದಲೇ ಶುರು ಮಾಡಿಸುತ್ತೇನೆ. ಗ್ರೀಸಿನ ವಿಷಯದಲ್ಲೂ ಒಂದು ಮಾತು. ಬೇಸಿಗೆಯಲ್ಲಿ ಹುಕ್ಕಿಗೆ ಗ್ರೀಸ್ ಮೆತ್ತಿದರೆ ಕೆಂಪು ಧೂಳು ಕೂಡಿಕೊಂಡು ಸಾಣೆಯ ಪೇಸ್ಟ್ ಆಗುತ್ತದೆ, ಬುಷ್ಷನ್ನು ತಿನ್ನುವುದೇ ಅದು. ಬೇಸಿಗೆಗೆ ಒಣ ಗ್ರಾಫೈಟ್ ಪುಡಿ, ಮಳೆಗಾಲಕ್ಕೆ ಮಾತ್ರ ಗ್ರೀಸ್.

ಕಾರವಾರದಲ್ಲಿ ದೋಣಿ ಸಾಗಿಸುವ ಸಂಬಂಧಿಕರೊಬ್ಬರ ಟ್ರೇಲರಿಗೂ ಇದನ್ನೇ ಮಾಡಿಕೊಟ್ಟೆ. ಅಲ್ಲಿ ಉಪ್ಪುಗಾಳಿ, ಉಪ್ಪುನೀರು. ಉಕ್ಕಿನ ಬುಷ್ ಬೇಗನೆ ಕಚ್ಚಿತು. ರಿಂಗಿನ ಬುಷ್ಷನ್ನು ಗನ್‌ಮೆಟಲ್ಲಿಗೆ (ತಾಮ್ರ, ತವರ ಬೆರೆಸಿದ ಲೋಹ) ಬದಲಿಸಿ, ಪ್ರತಿ ಸಲ ದೋಣಿ ಇಳಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಲು ಹೇಳಿದ್ದೇನೆ. ಖರ್ಚು 1,200ರಷ್ಟು ಹೆಚ್ಚಾಯಿತು, ಅವರಿಗೆ ತೃಪ್ತಿ ಇದೆ.

ಸದ್ದು ನಿಂತಿತೆಂದು ಸರಪಳಿ ಬಿಡಬೇಡಿ. ಘಟ್ಟ ಇಳಿಯುವವರು ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ಹಾಕಿಯೇ ಇಳಿಯಬೇಕು. ನನ್ನ ಬೆಲ್ಟಿನ ವಾಷರ್‌ಗಳು ಈಗ ಸ್ವಲ್ಪ ಚಪ್ಪಟೆಯಾಗಿವೆ, ಈ ಮಳೆಗಾಲಕ್ಕೆ ಮುಂಚೆ ಬದಲಿಸುತ್ತೇನೆ. ಉಳಿದದ್ದಕ್ಕೆ ಕೈ ಹಾಕುವ ಅಗತ್ಯ ಕಾಣುತ್ತಿಲ್ಲ. ಮುಂದಿನ ಕೆಲಸ ಪವರ್ ಟಿಲ್ಲರಿನ ಟ್ರೇಲರು. ಅದರ ಹುಕ್ಕು ಚಿಕ್ಕದು, ಬುಷ್ಷಿಗೆ ಜಾಗವೇ ಕಡಿಮೆ. ಒಂದು ಅಚ್ಚು ಕತ್ತರಿಸಿ ಇಟ್ಟಿದ್ದೇನೆ.