ಬೀಕರ್, ಗ್ರಾಫೈಟ್ ಕಡ್ಡಿ, ಕರೆಂಟು: ಅಯೊಡೋಫಾರ್ಮ್ ಮಾಡೋದು ಹೀಗೆ

ಎಲೆಕ್ಟ್ರೋಸಿಂಥೆಸಿಸ್, ಅಂದರೆ ಕರೆಂಟು ಹರಿಸಿ ರಾಸಾಯನಿಕ ತಯಾರಿಸೋದು, ಅಂದ ತಕ್ಷಣ ನಮ್ಮ ಎಂ.ಎಸ್ಸಿ ಹುಡುಗರು ದುಬಾರಿ ಮೆಷಿನ್ ಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. 2017ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಫಿಲ್ ಬಾರನ್ ತಂಡದ ಜೊತೆ ಸೇರಿ ಲ್ಯಾಬ್ ಉಪಕರಣ ಮಾಡುವ ಐಕೆಎ ಕಂಪನಿ ಇದಕ್ಕೆಂದೇ ತಂದ ಎಲೆಕ್ಟ್ರಾಸಿನ್ ಒಳ್ಳೆಯ ಸಾಧನವೇ. ಆದರೆ ಕಲಿಯೋಕೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಡಿಸಿ ಪವರ್ ಸಪ್ಲೈ ಸಾಕು. ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಿಸಿ ಮೋಡ್ ಇದೆಯಾ ಅಂತ ಅಂಗಡಿಯಲ್ಲೇ ಕೇಳಿ.

ಇಲ್ಲಿ ಮಾಡೋದು ಅಯೊಡೋಫಾರ್ಮ್, ಹಿಂದೆ ಆಸ್ಪತ್ರೆಗಳಲ್ಲಿ ಗಾಯಕ್ಕೆ ಹಾಕುತ್ತಿದ್ದ ಹಳದಿ ಪುಡಿ. ಇದನ್ನು ಕಾಲೇಜು ಲ್ಯಾಬಿನ ಫ್ಯೂಮ್ ಹುಡ್‌ನಲ್ಲೇ (ಹೊಗೆ, ಆವಿಯನ್ನು ಹೊರಗೆ ಎಳೆಯುವ ಗೂಡು) ಮಾಡಿ, ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಹೈಡ್ರೋಜನ್ ಹೊರಬರುತ್ತೆ, ಅಸಿಟೋನ್ ಕೂಡ ಇದೆ, ಹತ್ತಿರ ಬೆಂಕಿ ಇರಬಾರದು.

100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 6 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, 1 ಮಿ.ಲೀ. ಅಸಿಟೋನ್ ಹಾಕಿ. ನಮ್ಮೂರಿನ ಬೋರ್‌ವೆಲ್ ನೀರು ಖಂಡಿತ ಬೇಡ, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಯಾಥೋಡಿನ (ಮೈನಸ್‌ಗೆ ಸೇರಿಸಿದ ಕಡ್ಡಿಯ) ಮೇಲೆ ಬಿಳಿ ಪದರ ಕಟ್ಟುತ್ತವೆ. ಎರಡು ಗ್ರಾಫೈಟ್ ಕಡ್ಡಿ ಇಳಿಸಿ, ಒಂದಕ್ಕೊಂದು ತಾಗದಂತೆ ಕ್ಲಿಪ್ ಹಾಕಿ. ಆನೋಡಿಗೆ (ಪ್ಲಸ್‌ಗೆ ಸೇರಿಸಿದ ಕಡ್ಡಿಗೆ) ತಾಮ್ರ, ಸ್ಟೀಲ್ ಹಾಕಿದರೆ ಅದೇ ಕರಗಿ ದ್ರಾವಣ ಸೇರುತ್ತೆ. ಮ್ಯಾಗ್ನೆಟಿಕ್ ಸ್ಟರರ್ ಆನ್ ಮಾಡಿ, ಕರೆಂಟು 100 ಮಿಲಿಆಂಪ್ಸ್ ಇಡಿ.

ಆನೋಡಿನಿಂದ ಅಯೋಡಿನ್ನಿನ ಕಂದು ಎಳೆಗಳು ಇಳಿಯುತ್ತವೆ, ಕ್ಯಾಥೋಡಿನಲ್ಲಿ ಗುಳ್ಳೆ ಏಳುತ್ತವೆ. ಆ ಗುಳ್ಳೆಯ ಜೊತೆಗೇ ಹುಟ್ಟುವ ಹೈಡ್ರಾಕ್ಸೈಡ್ ಅಯೋಡಿನ್ನಿಗೆ ಸಿಕ್ಕಿ, ಎರಡೂ ಸೇರಿ ಅಸಿಟೋನಿನ ಮೇಲೆ ಕೆಲಸ ಮಾಡಿದಾಗ ಕಂದು ಮಾಯವಾಗಿ ಅಯೊಡೋಫಾರ್ಮಿನ ಹಳದಿ ಪುಡಿ ಉದುರಲು ಶುರುವಾಗುತ್ತೆ, ಆಸ್ಪತ್ರೆಯ ಹಳೇ ವಾಸನೆಯೂ ಬರುತ್ತೆ. ಎಲೆಕ್ಟ್ರಾನ್ ಕಿತ್ತುಕೊಳ್ಳುವ ಕೆಲಸವನ್ನು ಕರೆಂಟೇ ಮಾಡಿತು, ಬೇರೆ ಆಕ್ಸಿಡೈಸರ್ ಏನೂ ಹಾಕಿಲ್ಲ ನೋಡಿ! ನನಗೆ ಈ ವಿದ್ಯೆ ಇಷ್ಟವಾಗೋದೇ ಇದಕ್ಕೆ. 1960ರ ದಶಕದಲ್ಲಿ ಮೊನ್ಸಾಂಟೋ ನೈಲಾನಿಗೆ ಬೇಕಾದ ಅಡಿಪೊನೈಟ್ರೈಲನ್ನು ಕಾರ್ಖಾನೆಯಲ್ಲಿ ಮಾಡತೊಡಗಿದ್ದೂ ಹೀಗೆ ಕರೆಂಟಿನಿಂದಲೇ.

ಎಷ್ಟು ಹೊತ್ತು ಬಿಡಬೇಕು? ಇಲ್ಲಿ ಅಂದಾಜು ಬೇಡ, ಲೆಕ್ಕ ಹಾಕಿ. ಒಂದು ಅಯೊಡೋಫಾರ್ಮ್ ಅಣುವಿಗೆ 6 ಎಲೆಕ್ಟ್ರಾನ್ ಬೇಕು. ಒಂದು ಮೋಲ್ ಎಲೆಕ್ಟ್ರಾನ್ ಅಂದರೆ 96,485 ಕೂಲಂಬ್. 1 ಮಿಲಿಮೋಲ್, ಅಂದರೆ 394 ಮಿ.ಗ್ರಾಂ ಬೇಕಿದ್ದರೆ ಸುಮಾರು 579 ಕೂಲಂಬ್. ಅದನ್ನು 0.1 ಆಂಪ್ಸ್‌ನಿಂದ ಭಾಗಿಸಿ: 5,790 ಸೆಕೆಂಡ್, ಅಂದರೆ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಈ ಒಂದು ಲೆಕ್ಕ ಕೈಗೆ ಬಂದರೆ ಯಾವ ಎಲೆಕ್ಟ್ರೋಸಿಂಥೆಸಿಸ್ ಪೇಪರನ್ನಾದರೂ ಓದಬಹುದು.

ಪೂರ್ತಿ 394 ಬರಲ್ಲ. ಸ್ವಲ್ಪ ಅಯೋಡಿನ್ ಅಯೊಡೇಟ್ ಆಗಿಬಿಡುತ್ತೆ, ಸ್ವಲ್ಪ ಮತ್ತೆ ಕ್ಯಾಥೋಡಿಗೆ ಹೋಗಿ ಅಯೊಡೈಡ್ ಆಗುತ್ತೆ. ಸ್ಟರರ್ ನಿಧಾನವಾಗಿದ್ದರೆ ಕಂದು ಬಣ್ಣ ಉಳಿಯುತ್ತೆ, ಮೊದಲು ಅದನ್ನು ನೋಡಿ.

ಪುಡಿಯನ್ನು ಸೋಸಿ, ತಣ್ಣೀರಲ್ಲಿ ತೊಳೆದು, ಬಿಸಿ ಎಥನಾಲಿನಲ್ಲಿ ಮರುಹರಳು ಮಾಡಿ. ಬಿಸಿ ಮಾಡೋದು ವಾಟರ್ ಬಾತ್‌ನಲ್ಲಿ, ಬರ್ನರ್ ಮೇಲಲ್ಲ. ಒಣಗಿದ ಮೇಲೆ ತೂಕ ಬರೆದುಕೊಳ್ಳಿ, ಸುಮಾರು 120 ಡಿಗ್ರಿಗೆ ಕರಗುತ್ತಾ ನೋಡಿ, ಕಂದು ಬಾಟಲಿಗೆ ತುಂಬಿಡಿ. ಸೋಸಿದ ನೀರನ್ನು ಸಿಂಕಿಗೆ ಸುರಿಯಬೇಡಿ, ಅದರಲ್ಲಿ ಇನ್ನೂ ಬೇಕಾದಷ್ಟು ಅಯೊಡೈಡ್ ಇದೆ, ಸ್ವಲ್ಪ ಅಸಿಟೋನ್ ಸೇರಿಸಿ ಮುಂದಿನ ಬ್ಯಾಚಿಗೆ ಬಳಸಿ.