ಅಕ್ಕಿ ಮುಡಿಯ ಲೆಕ್ಕದಲ್ಲಿ ಮಂಗಳೂರಿನ ಮುತ್ತಿಗೆ

ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದ ಪಾಠಕ್ಕೆ ಬಂದಾಗ ‘ಮಂಗಳೂರು ಒಪ್ಪಂದ, 1784’ ಎನ್ನುವುದು ಮಕ್ಕಳಿಗೆ ಸಲೀಸಾಗಿ ಬಾಯಿಗೆ ಬರುತ್ತದೆ. ಒಪ್ಪಂದ ಇದೇ ಊರಿನಲ್ಲಿ ಏಕಾಯಿತು, ಅದಕ್ಕೆ ಮೊದಲು ಎಂಟು ತಿಂಗಳಿಗೂ ಮಿಕ್ಕಿ ಇಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದರೆ ಉತ್ತರವಿಲ್ಲ. ತಾವು ದಿನವೂ ಬಸ್ಸಿನಲ್ಲಿ ಹಾದುಹೋಗುವ ನೆಲದ ಮೇಲೆ ಸಾವಿರಾರು ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು ಎಂಬುದು ಮಕ್ಕಳಿಗೆ ಗೊತ್ತಿರಲೇಬೇಕು ಎಂದು ನನಗೆ ಬಲವಾಗಿ ಅನಿಸಿತು. ಆದ್ದರಿಂದ ಈ ಮುತ್ತಿಗೆಯನ್ನು ನನ್ನದೇ ರೀತಿಯಲ್ಲಿ ಕಲಿಸತೊಡಗಿದೆ. ರಾಜರನ್ನೂ ಫಿರಂಗಿಯನ್ನೂ ಹಿಂದಕ್ಕೆ ಸರಿಸಿ ಅಕ್ಕಿ, ಮಳೆ ಮತ್ತು ನದಿ ಕಡಲಿಗೆ ಸೇರುವ ಅಳಿವೆ ಬಾಗಿಲನ್ನು ಮುಂದಕ್ಕೆ ತಂದೆ.

ಹಿನ್ನೆಲೆಗೆ ಅರ್ಧ ಪೀರಿಯಡ್ ಸಾಕು. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡನು. ಅದೇ ಸಮಯಕ್ಕೆ ಬೊಂಬಾಯಿ ಸೈನ್ಯದ ಜನರಲ್ ಮ್ಯಾಥ್ಯೂಸ್ ಕರಾವಳಿಗೆ ಬಂದಿಳಿದು ಘಟ್ಟ ಹತ್ತಿ ಬಿದನೂರನ್ನು ಹಿಡಿದನು. 1783ರ ಮಾರ್ಚಿನಲ್ಲಿ ಮಂಗಳೂರಿನ ಕೋಟೆಯೂ ಇಂಗ್ಲಿಷರ ಪಾಲಾಯಿತು. ಟಿಪ್ಪು ವೇಗವಾಗಿ ಬಂದು ಬಿದನೂರನ್ನು ಮರಳಿ ಪಡೆದು, ಮ್ಯಾಥ್ಯೂಸನನ್ನು ಸೆರೆಹಿಡಿದು, ಘಟ್ಟ ಇಳಿದನು. ಮೇ 20ರ ಸುಮಾರಿಗೆ ಮಂಗಳೂರಿನ ಸುತ್ತ ಅವನ ಸೈನ್ಯ ಬೀಡುಬಿಟ್ಟಿತು. ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಅವನ ಕೈಕೆಳಗೆ ಸುಮಾರು 700 ಯುರೋಪಿಯನ್ನರು ಮತ್ತು 2,800ರಷ್ಟು ಭಾರತೀಯ ಸಿಪಾಯಿಗಳು. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದು ಕೊನೆಯವರೆಗೂ ಅಳಿಸುವುದಿಲ್ಲ. ‘ಇಂಗ್ಲಿಷರ ಕೋಟೆ’ ಎನ್ನುವಾಗ ಒಳಗಿದ್ದ ಐದು ಜನರಲ್ಲಿ ನಾಲ್ವರು ನಮ್ಮವರೇ ಎನ್ನುವುದು ಕಣ್ಣೆದುರಿಗೆ ಇರಬೇಕು. ಹೊರಗಿನ ಸೈನ್ಯದ ಸಂಖ್ಯೆಯನ್ನು ಮಾತ್ರ ಬರೆಯುವುದಿಲ್ಲ. ಇಂಗ್ಲಿಷರ ಬರಹಗಳು ಅದನ್ನು ಲಕ್ಷ ದಾಟಿಸುತ್ತವೆ. ಸೋತವರು ಎದುರಾಳಿಯ ಬಲವನ್ನು ಕಡಿಮೆ ಹೇಳುವುದಿಲ್ಲ ಎಂಬ ಎಚ್ಚರ ವಿದ್ಯಾರ್ಥಿಗಳಿಗೆ ಈ ಹಂತದಲ್ಲೇ ಬಂದರೆ ಒಳ್ಳೆಯದು.

ಸ್ಥಳದ ಬಗ್ಗೆ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕಾಗುತ್ತದೆ. ಕೋಟೆ ಎಂದ ಕೂಡಲೇ ಎಲ್ಲರೂ ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ನೆನೆಯುತ್ತಾರೆ. ಗುರುಪುರ ನದಿಯ ದಡದ ಆ ಕಪ್ಪುಕಲ್ಲಿನ ಕಾವಲುಗೋಪುರ ಕಟ್ಟಿದ್ದು 1784ರಲ್ಲಿ, ಅಂದರೆ ಮುತ್ತಿಗೆ ಮುಗಿದ ಮೇಲೆ. ಶತ್ರುವಿನ ಹಡಗು ಮತ್ತೆ ನದಿಯೊಳಗೆ ನುಸುಳಬಾರದು ಎಂಬ ಪಾಠವನ್ನು ಟಿಪ್ಪು ಕಲಿತದ್ದರ ಫಲ ಅದು. ಮುತ್ತಿಗೆ ನಡೆದ ಕೋಟೆ ಇದ್ದದ್ದು ಹಳೆ ಬಂದರಿನ ಕಡೆ. ಒಪ್ಪಂದವಾದ ಮೇಲೆ ಟಿಪ್ಪುವೇ ಅದನ್ನು ಕೆಡವಿಸಿದನು. ಹಾಗಾಗಿ ನಮ್ಮ ನಡಿಗೆ ಬಂದರಿನ ದಕ್ಕೆಯಲ್ಲಿ ಶುರುವಾಗುತ್ತದೆ. ನೋಡುವುದಕ್ಕೆ ಗೋಡೆಯಿಲ್ಲ, ಬುರುಜಿಲ್ಲ. ಆದರೆ ಅಲ್ಲಿ ನಿಂತರೆ ನೀರು ಕಾಣುತ್ತದೆ, ನೀರಿನಾಚೆ ಬೆಂಗರೆಯ ಮರಳುದಿಣ್ಣೆ ಕಾಣುತ್ತದೆ, ದೂರದಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ದಿಕ್ಕು ತಿಳಿಯುತ್ತದೆ. ನನಗೆ ಬೇಕಾದದ್ದು ಇಷ್ಟೇ.

ಮರುದಿನ ಶಾಲೆಯ ಅಂಗಳದಲ್ಲಿ ಅಕ್ಕಿಯ ಲೆಕ್ಕ. ಒಬ್ಬ ಸಿಪಾಯಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಎಂದು ಹಿಡಿದುಕೊಳ್ಳಿ ಎನ್ನುತ್ತೇನೆ. ಇದು ನಾವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂದಾಜು, ದಾಖಲೆಯಲ್ಲಿ ಇರುವ ಪಡಿತರವಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತೇನೆ. 3,500 ಜನರಿಗೆ ದಿನಕ್ಕೆ 1,750 ಕಿಲೋ. ಕಿಲೋ ಎಂದರೆ ಆ ಕಾಲ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ಮುಡಿಗೆ ತರುತ್ತೇವೆ. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿ ಮುಡಿಯನ್ನು ನೋಡಿದ ಮಕ್ಕಳು ಈಗ ಕಡಿಮೆ. ಬಂಟ್ವಾಳದ ಕಡೆಯ ಒಬ್ಬ ವಿದ್ಯಾರ್ಥಿಯ ಅಜ್ಜ ಪ್ರೀತಿಯಿಂದ ಒಂದು ಪುಟ್ಟ ಮುಡಿಯನ್ನೇ ಕಟ್ಟಿ ಕಳುಹಿಸಿಕೊಟ್ಟರು, ಅದು ಈಗ ನಮ್ಮ ತರಗತಿಯ ಕಪಾಟಿನ ಮೇಲಿದೆ. ಒಂದು ಮುಡಿಗೆ 42 ಸೇರು, ಸುಮಾರು 40 ಕಿಲೋ ಎಂದು ಹಿಡಿದರೆ ದಿನಕ್ಕೆ 44 ಮುಡಿ ಖಾಲಿಯಾಗುತ್ತದೆ. ಮೇ 20ರಿಂದ ಜನವರಿ 30ರವರೆಗೆ 250 ದಿನ ಎಂದರೂ 11,000 ಮುಡಿ. ಸೈನಿಕರ ಜೊತೆಗಿದ್ದ ಅಡುಗೆಯವರು, ಕೂಲಿಯವರು, ಗಾಯಾಳುಗಳನ್ನು ಹೊರುವವರು ಇದರಲ್ಲಿ ಸೇರಿಲ್ಲ. ಸೌದೆ ಸೇರಿಲ್ಲ, ಉಪ್ಪು ಸೇರಿಲ್ಲ.

ಆಮೇಲೆ ಒಂದು ದಪ್ಪ ಲೆಕ್ಕದ ಪುಸ್ತಕ ತೆರೆಯುತ್ತೇವೆ. ಬಂದದ್ದು, ಖರ್ಚಾದದ್ದು, ಉಳಿದದ್ದು ಎಂದು ಮೂರು ಅಂಕಣ. ಮಕ್ಕಳೇ ಉಗ್ರಾಣದವರು. ಪ್ರತಿ ವಾರ ಉಳಿದದ್ದನ್ನು ಕಳೆಯುತ್ತಾ ಹೋಗುತ್ತಾರೆ. ‘ಬಂದದ್ದು’ ಅಂಕಣ ವಾರದಿಂದ ವಾರಕ್ಕೆ ಬರೀ ಸೊನ್ನೆಯಾಗುತ್ತಾ ಹೋದಂತೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ‘ಪಡಿ ಅರ್ಧ ಮಾಡೋಣ’ ಎಂಬ ಸಲಹೆ ಯಾರಾದರೂ ಮುಂದಿಡುತ್ತಾರೆ. ‘ಯಾರ ಪಡಿ ಅರ್ಧ ಮಾಡುವುದು, ಅಧಿಕಾರಿಯದೋ ಸಿಪಾಯಿಯದೋ’ ಎಂದು ನಾನು ಕೇಳುತ್ತೇನೆ. ಜಗಳ ಶುರುವಾಗುತ್ತದೆ. ಆ ಜಗಳವನ್ನು ನಾನು ಬೇಗ ನಿಲ್ಲಿಸುವುದಿಲ್ಲ. ಮುತ್ತಿಗೆಯೆಂದರೆ ದಿನವೂ ನಡೆಯುವ ಇಂಥ ತೀರ್ಮಾನಗಳೇ. ಫಿರಂಗಿ ದಾಳಿ ಮೊದಲ ಕೆಲವು ವಾರ ಜೋರಾಗಿತ್ತು, ಗೋಡೆಗಳು ಬಿರಿದವು, ನುಗ್ಗಿದವರನ್ನು ಒಳಗಿನವರು ಮತ್ತೆ ಮತ್ತೆ ಹಿಮ್ಮೆಟ್ಟಿಸಿದರು. ಕೋಟೆ ಕೊನೆಗೆ ಸೋತದ್ದು ಉಗ್ರಾಣದಲ್ಲಿ.

ಸಮುದ್ರ ಪಕ್ಕದಲ್ಲೇ ಇದ್ದಾಗ ಹಡಗಿನಲ್ಲಿ ಅಕ್ಕಿ ತರಿಸಬಹುದಿತ್ತಲ್ಲ ಎಂಬ ಪ್ರಶ್ನೆ ಪ್ರತಿ ಬಾರಿಯೂ ಬರುತ್ತದೆ. ಒಮ್ಮೆ ಬೆಂಗರೆಯ ಮೀನುಗಾರ ಕುಟುಂಬದ ಹುಡುಗನೊಬ್ಬ ನನಗಿಂತ ಮೊದಲೇ ಎದ್ದು ನಿಂತ. ‘ಟೀಚರ್, ಜೂನಿನಲ್ಲಿ ಅಳಿವೆ ಬಾಗಿಲು ದಾಟುವುದು ಹೇಗೆ? ಅಲ್ಲಿ ತೆರೆ ಏಳುವುದನ್ನು ಇವರು ನೋಡಿಲ್ಲ’ ಎಂದ. ಅಲೆ ಎಲ್ಲಿ ಒಡೆಯುತ್ತದೆ, ಮರಳು ಎಲ್ಲಿ ತುಂಬುತ್ತದೆ, ದೋಣಿ ಎಲ್ಲಿ ಅಡ್ಡ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದ. ಅಂದಿನಿಂದ ಈ ಭಾಗವನ್ನು ಕಡಲತಡಿಯ ಮಕ್ಕಳಿಗೇ ಬಿಟ್ಟಿದ್ದೇನೆ. ಇವತ್ತಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಎನ್ನುವುದು ಒಂದು ಕಾರಣ, ಕಡಲು ಮುನಿದಿರುತ್ತದೆ ಎನ್ನುವುದು ಇನ್ನೊಂದು. ಎಂಜಿನ್ ಇರುವ ದೋಣಿಯ ಸ್ಥಿತಿಯೇ ಹೀಗಾದರೆ ಹಾಯಿಹಡಗಿನ ಪಾಡೇನು? ಮಳೆ ಹಿಡಿಯುವುದಕ್ಕೆ ಕೆಲವೇ ದಿನ ಮೊದಲು ಮುತ್ತಿಗೆ ಬಿಗಿಯಾದದ್ದರಿಂದ, ಮೊದಲ ಎರಡೂವರೆ ತಿಂಗಳು ಆಕಾಶವೇ ಟಿಪ್ಪುವಿನ ಪರವಾಗಿ ಬಾಗಿಲು ಹಾಕಿತ್ತು.

ಆದರೆ ಅದೇ ಮಳೆ ಹೊರಗಿದ್ದವರನ್ನೂ ಬಿಡಲಿಲ್ಲ. ಇದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಮೈಸೂರು ಸೈನ್ಯದ ಬಹಳಷ್ಟು ಮಂದಿ ಬಯಲುಸೀಮೆಯವರು, ರಾಗಿ ಉಂಡು ಬೆಳೆದವರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವ ನೆಲದಲ್ಲಿ ಅವರು ಕಂದಕ ತೋಡಿ ಕೂರಬೇಕಾಗಿತ್ತು. ಶಾಲೆಯ ಹಿತ್ತಿಲಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೋಡಿಸಿ ಜುಲೈ ತಿಂಗಳ ಒಂದು ರಾತ್ರಿ ಹಾಗೇ ಬಿಡುತ್ತೇನೆ. ಬೆಳಗ್ಗೆ ಅದು ಅಂಚಿನವರೆಗೆ ಕೆಂಪುನೀರಿನಿಂದ ತುಂಬಿರುತ್ತದೆ. ಅದರಲ್ಲಿ ನಿಂತು ಸಿಡಿಮದ್ದನ್ನು ಒಣಗಿಸಿಟ್ಟುಕೊಳ್ಳುವುದು ಹೇಗೆ, ಘಟ್ಟ ಇಳಿದು ಬಂದ ಎತ್ತುಗಳಿಗೆ ಒಣಮೇವು ಎಲ್ಲಿಂದ, ಜ್ವರ ಬಂದವನು ಎಲ್ಲಿ ಮಲಗಬೇಕು ಎಂದು ಮಕ್ಕಳು ತಾವೇ ಕೇಳತೊಡಗುತ್ತಾರೆ.

ಊಟದ ಪಾಠವನ್ನು ಆಟಿ ತಿಂಗಳಲ್ಲೇ ಇಟ್ಟುಕೊಳ್ಳುತ್ತೇನೆ. ತುಳುನಾಡಿನಲ್ಲಿ ಜುಲೈ-ಆಗಸ್ಟಿನ ನಡುವೆ ಬರುವ ಆಟಿ ಎಂದರೆ ಕೈ ಖಾಲಿಯ ತಿಂಗಳು. ಹಳೆಯ ಅಕ್ಕಿ ಮುಗಿಯುತ್ತಾ ಬಂದಿರುತ್ತದೆ, ಹೊಸ ಬೆಳೆ ಇನ್ನೂ ಗದ್ದೆಯಲ್ಲಿರುತ್ತದೆ. ಮಕ್ಕಳು ಮನೆಯ ಹಿರಿಯರನ್ನು ವಿಚಾರಿಸಿಕೊಂಡು ಬರುತ್ತಾರೆ: ತಜಂಕಿನ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ ಎನ್ನುವ ಎಳೆಬಿದಿರು, ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಉಪ್ಪುಸೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ. ಅಕ್ಕಿಯಿಲ್ಲದ ದಿನಗಳನ್ನು ದಾಟುವುದಕ್ಕೆ ಊರಿನ ಹೆಂಗಸರು ಕಂಡುಕೊಂಡ ದಾರಿಗಳು ಇವು. ಎರಡು ಸೈನ್ಯಗಳ ನಡುವೆ ಸಿಕ್ಕಿದ ಆಸುಪಾಸಿನ ಹಳ್ಳಿಗಳು 1783ರ ಆಟಿಯನ್ನು ಹೇಗೆ ಕಳೆದಿರಬೇಕು ಎಂದು ಊಹಿಸಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆ ಹೆಂಗಸರ ಹೆಸರನ್ನು ಯಾವ ಅಧಿಕಾರಿಯೂ ಬರೆದಿಡಲಿಲ್ಲ.

ಕೋಟೆಯೊಳಗಿನವರಿಗೆ ಈ ದಾರಿಯೂ ಇರಲಿಲ್ಲ. ಸಿಪಾಯಿಗಳನ್ನೂ ಗೋರರನ್ನೂ ಕೊನೆಗೆ ಕೆಡವಿದ್ದು ಸ್ಕರ್ವಿ. ತಾಜಾ ಸೊಪ್ಪು, ಹಣ್ಣು ಇಲ್ಲದೆ ಎರಡು ಮೂರು ತಿಂಗಳಾದರೆ ಒಸಡು ಊದಿ ರಕ್ತ ಒಸರುತ್ತದೆ, ಹಲ್ಲು ಅಲುಗುತ್ತದೆ, ಮಾಗಿದ ಗಾಯ ಮತ್ತೆ ಬಾಯಿ ಬಿಡುತ್ತದೆ. ಜೇಮ್ಸ್ ಲಿಂಡ್ 1747ರಲ್ಲೇ ಕಿತ್ತಳೆ ಮತ್ತು ನಿಂಬೆ ಕೊಟ್ಟು ನಾವಿಕರನ್ನು ಗುಣಪಡಿಸಿ ತೋರಿಸಿದ್ದನು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಕೊಡತೊಡಗಿದ್ದು 1795ರಲ್ಲಿ. ಮಂಗಳೂರಿನ ಮಳೆಗಾಲದಲ್ಲಿ ಕಾಲಿಟ್ಟಲ್ಲೆಲ್ಲ ತಿನ್ನುವ ಸೊಪ್ಪು ಚಿಗುರುತ್ತದೆ. ಒಂದೆಲಗ, ತಜಂಕು, ಕೆಸು ಕೋಟೆಯ ಹೊರಗೂ ಬೆಳೆದೇ ಇರುತ್ತವೆ, ಆದರೆ ಬಂದೂಕಿನ ಗುಂಡು ತಲುಪುವ ದೂರದಲ್ಲಿ. ವಿಜ್ಞಾನದ ಶಿಕ್ಷಕಿ ಈ ಒಂದು ಪೀರಿಯಡ್ಡನ್ನು ನನ್ನೊಡನೆ ಸೇರಿ ತೆಗೆದುಕೊಳ್ಳುತ್ತಾರೆ. ಮಕ್ಕಳು ಜೀವಸತ್ವ ‘ಸಿ’ಯನ್ನು ಆಮೇಲೆ ಮರೆಯುವುದಿಲ್ಲ.

ಆಗಸ್ಟ್ 2ರಂದು ಕದನವಿರಾಮವಾಯಿತು. ಯುರೋಪಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ರಾಜಿಯಾದ ಸುದ್ದಿ ತಲುಪಿ, ಟಿಪ್ಪುವಿನ ಜೊತೆಗಿದ್ದ, ಕೊಸಿನಿ ಎಂಬ ಅಧಿಕಾರಿಯ ಫ್ರೆಂಚ್ ಪಡೆ ಹೋರಾಟದಿಂದ ಹಿಂದೆ ಸರಿದಿತ್ತು. ಕೋಟೆಯವರು ಕೊಂಡುಕೊಳ್ಳುವಂತೆ ಟಿಪ್ಪು ಹೊರಗೊಂದು ಬಜಾರ್ ಏರ್ಪಡಿಸಬೇಕು ಎಂಬುದು ಷರತ್ತುಗಳಲ್ಲಿ ಒಂದು. ನನ್ನ ದೃಷ್ಟಿಯಲ್ಲಿ ಇಡೀ ಮುತ್ತಿಗೆಯ ಅತ್ಯಂತ ಕ್ರೂರ ಭಾಗ ಈ ಬಜಾರೇ. ಮೊದಲು ಸಾಮಾನು ಬಂತು, ಆಮೇಲೆ ಬೆಲೆ ಏರಿತು, ಆಮೇಲೆ ಒಂದೊಂದೇ ವಸ್ತು ನಿಂತಿತು. ಗುಂಡು ಹಾರಿಸದೆಯೇ ಕೋಟೆಯ ಕತ್ತು ಬಿಗಿಯುವುದು ಸಾಧ್ಯವಾಯಿತು. ನವೆಂಬರಿನಲ್ಲಿ ಇಂಗ್ಲಿಷರ ಜನರಲ್ ಮ್ಯಾಕ್ಲಿಯಡ್ ಹಡಗುಗಳೊಡನೆ ಬಂದನು, ಕಣ್ಣೆದುರಿಗೇ ಲಂಗರು ಹಾಕಿದನು, ಮಾತುಕತೆ ನಡೆಸಿ ಒಂದಿಷ್ಟು ದಿನಸಿ ಇಳಿಸಿ ಹೊರಟುಹೋದನು. ಕೋಟೆಗೆ ಸಿಕ್ಕಿದ ಉಪ್ಪುಮಾಂಸದಲ್ಲಿ ಬಹುಪಾಲು ಕೊಳೆತಿತ್ತು. ಒಳಗಿನವರು ಕಪ್ಪೆ, ಹಾವು, ಹೆಗ್ಗಣ, ನರಿಗಳನ್ನು ತಿಂದರು ಎಂದು ಅಂದಿನ ವಿವರಣೆಗಳು ಹೇಳುತ್ತವೆ. ಇದನ್ನು ಕೇಳಿ ನಗುವ ಮಕ್ಕಳು ಇರುತ್ತಾರೆ. ಆಗ ಲೆಕ್ಕದ ಪುಸ್ತಕದ ಡಿಸೆಂಬರ್ ಪುಟವನ್ನು ತೆರೆದು ಅವರಿಂದಲೇ ಓದಿಸುತ್ತೇನೆ.

ಅತ್ಯಂತ ಜೋಪಾನದಿಂದ ಕಲಿಸಬೇಕಾದ ಭಾಗ ಮುತ್ತಿಗೆ ಮುಗಿದ ನಂತರದ್ದು. 1784ರ ಫೆಬ್ರವರಿ ಕೊನೆಯಲ್ಲಿ, ಕ್ರೈಸ್ತರ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರದ ಹೊತ್ತಿಗೆ, ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. 30,000 ಎನ್ನುವವರೂ ಇದ್ದಾರೆ, 60,000 ಎನ್ನುವವರೂ ಇದ್ದಾರೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರು ಮರಳಿದ್ದು 1799ರ ನಂತರ. 1680ರಲ್ಲಿ ಕಟ್ಟಿದ ಮಿಲಾಗ್ರಿಸ್ ಚರ್ಚ್ ಆಗಲೇ ನೆಲಸಮವಾಯಿತು. ಈಗ ಹಂಪನಕಟ್ಟೆಯಲ್ಲಿ ಕಾಣುವುದು 1911ರ ಕಟ್ಟಡ. ನನ್ನ ತರಗತಿಯಲ್ಲಿ ಆ ಸೆರೆಯ ಕಥೆಯನ್ನು ಮನೆಯಲ್ಲಿ ಕೇಳಿ ಬೆಳೆದ ಕ್ರೈಸ್ತ ಮಕ್ಕಳಿದ್ದಾರೆ, ಟಿಪ್ಪುವನ್ನು ಅಭಿಮಾನದಿಂದ ನೆನೆಯುವ ಮನೆಯ ಮಕ್ಕಳಿದ್ದಾರೆ, ಎರಡೂ ಗೊತ್ತಿಲ್ಲದವರೂ ಇದ್ದಾರೆ. ನಾನು ಇಟ್ಟುಕೊಂಡ ನಿಯಮ ಒಂದೇ. 1784ರಲ್ಲಿ ಯಾರು ಏನು ಮಾಡಿದರು ಎಂದು ಮಾತನಾಡಬಹುದು, ಪಕ್ಕದ ಬೆಂಚಿನವನನ್ನು ಅದಕ್ಕೆ ಉತ್ತರ ಕೇಳುವಂತಿಲ್ಲ. ಇದೇ ಯುದ್ಧದಲ್ಲಿ ಶಿವಮೊಗ್ಗ ಸೀಮೆಯ ಆನಂದಪುರದಲ್ಲಿ ಮ್ಯಾಥ್ಯೂಸನ ಸೈನ್ಯ ನಡೆಸಿದ ಹತ್ಯೆಯನ್ನೂ ಅದೇ ದಿನ ಹೇಳುತ್ತೇನೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಮಕ್ಕಳಿಗೆ ಅದು ತಕ್ಷಣ ತಿಳಿಯುತ್ತದೆ.

ಕೊನೆಯ ಪೀರಿಯಡ್ಡಿನಲ್ಲಿ ಕ್ಯಾಂಪ್‌ಬೆಲ್ ಕರೆದ ಸಮಾಲೋಚನೆಯನ್ನು ಮಕ್ಕಳು ಆಡಿ ತೋರಿಸುತ್ತಾರೆ. ಎಲ್ಲರ ಕೈಯಲ್ಲೂ ತಾವೇ ಬರೆದ ಲೆಕ್ಕದ ಪುಟ. ಕೋಟೆ ಬಿಟ್ಟುಕೊಡಬೇಕೇ, ಹಡಗಿಗೆ ಇನ್ನಷ್ಟು ದಿನ ಕಾಯಬೇಕೇ? ಮೊದಲ ದಿನ ‘ಕೊನೆಯ ಮನುಷ್ಯನವರೆಗೂ ಹೋರಾಡಬೇಕು’ ಎಂದು ಕೂಗಿದ್ದವರು ಈಗ ಆಸ್ಪತ್ರೆಯಲ್ಲಿ ಎಷ್ಟು ಮಂದಿ, ಬಂದೂಕು ಎತ್ತಬಲ್ಲವರು ಎಷ್ಟು ಮಂದಿ ಎಂದು ಕೇಳುತ್ತಾರೆ. ನಿಜವಾದ ಸಮಾಲೋಚನೆ ಶರಣಾಗುವ ಕಡೆಗೆ ಬಂತು. ಜನವರಿ 30ರಂದು ಬದುಕುಳಿದವರು ಆಯುಧ ಸಮೇತ ಹೊರಬಂದು ತಲಶ್ಶೇರಿಗೆ ಹೋದರು. ಮಾರ್ಚ್ 11ರಂದು ಒಪ್ಪಂದಕ್ಕೆ ಸಹಿಯಾಯಿತು. ಎರಡೂ ಪಕ್ಷಗಳು ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಿದವು. ಕ್ಯಾಂಪ್‌ಬೆಲ್ ಅದೇ ತಿಂಗಳ 23ರಂದು ಬೊಂಬಾಯಿಯಲ್ಲಿ ತೀರಿಕೊಂಡನು.

ಬೇರೆ ಶಾಲೆಯವರು ಇದನ್ನು ಮಾಡುವುದಾದರೆ ಜೂನಿನಲ್ಲೇ ಶುರು ಮಾಡಿ. ಮಳೆ, ಆಟಿ, ಮೀನುಗಾರಿಕೆಯ ರಜೆ ಎಲ್ಲವೂ ಪಾಠದ ಜೊತೆಗೇ ಬರುತ್ತವೆ. ಲೆಕ್ಕದ ಪುಸ್ತಕವನ್ನು ಮಾತ್ರ ನೀವೇ ಬರೆಯಬೇಡಿ, ಮಕ್ಕಳ ಕೈಗೆ ಕೊಡಿ. ಈ ವರ್ಷ ನಮ್ಮ ಮಕ್ಕಳು ಎರಡನೆಯ ಪುಸ್ತಕವೊಂದನ್ನು ಕೇಳಿ ತೆರೆಸಿದ್ದಾರೆ, ಕೋಟೆಯ ಹೊರಗಿದ್ದ ಒಂದು ಹಳ್ಳಿಮನೆಯದು. ಅದರಲ್ಲಿ ‘ಕಿತ್ತುಕೊಂಡದ್ದು’ ಎಂಬ ನಾಲ್ಕನೆಯ ಅಂಕಣವಿದೆ.